ಎಂಎಸ್ಸಿ ಕೆಮಿಸ್ಟ್ರಿ ಆಯಿತು. ಪಾಲಿಮರ್‌ನಲ್ಲಿ (ಸಣ್ಣ ಅಣುಗಳು ಉದ್ದ ಸರಪಳಿಯಾಗಿ ಕೂಡಿದ ವಸ್ತು) ಪಿಎಚ್‌ಡಿ ಮಾಡುವುದಾ, ಸಿಕ್ಕಿರುವ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸ ಹಿಡಿಯುವುದಾ ಅಂತ ಕೇಳಿದ್ದೀರಿ.

ನಾನು ಎರಡನ್ನೂ ಮಾಡಿದವನು. ಮೊದಲು ಎರಡು ವರ್ಷ ಪೇಂಟ್ ಕಂಪನಿಯ ಲ್ಯಾಬಿನಲ್ಲಿದ್ದೆ, ಆಮೇಲೆ ಪಿಎಚ್‌ಡಿ, ಈಗ ಬೆಂಗಳೂರಿನಲ್ಲಿ ಅಂಟು ತಯಾರಿಸುವ ಕೆಲಸ.

ದುಡ್ಡಿನ ಮಾತು ಮೊದಲು. ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದು ಎಸ್‌ಆರ್‌ಎಫ್ (ಹಿರಿಯ ಸಂಶೋಧಕರ ಫೆಲೋಶಿಪ್) ಆದರೆ 42,000. ಒಬ್ಬರಿಗೆ ಸಾಕು. ಮನೆಗೂ ಕಳಿಸಬೇಕು ಅಂದರೆ ಕಷ್ಟ, ಅದೂ ಐದಾರು ವರ್ಷ. ಮನೆಯವರಿಗೆ ಈಗಲೇ ಹೇಳಿಬಿಡಿ.

ಇನ್ನು ಪಿಎಚ್‌ಡಿಯ ಲ್ಯಾಬ್ ಕೆಲಸ. ಜಾಸ್ತಿ ಹೊತ್ತು ಕಾಯುವುದೇ. ನಾನು ಮಾಡುತ್ತಿದ್ದ ರಿಯಾಕ್ಷನ್‌ಗೆ ಆಕ್ಸಿಜನ್ ಸುತಾರಾಂ ಆಗುತ್ತಿರಲಿಲ್ಲ. ಫ್ಲಾಸ್ಕನ್ನು ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇಳಿಸಿ ಗಡ್ಡೆ ಕಟ್ಟಿಸಬೇಕು, ವ್ಯಾಕ್ಯೂಮ್ ಎಳೆಯಬೇಕು, ಕರಗಲು ಬಿಡಬೇಕು, ಕರಗುವಾಗ ಗುಳುಗುಳು ಅಂತ ಗಾಳಿ ಏಳುತ್ತದೆ, ಮತ್ತೆ ಗಡ್ಡೆ. ಹೀಗೆ ಮೂರು ಸಲ. ರಾತ್ರಿಯೆಲ್ಲ ಬಿಸಿಗಿಟ್ಟು, ಬೆಳಿಗ್ಗೆ ತಣ್ಣನೆಯ ಸಾಲ್ವೆಂಟಿಗೆ ಹನಿಹನಿಯಾಗಿ ಬಿಟ್ಟರೆ ಪಾಲಿಮರ್ ಬೆಳ್ಳಗೆ, ಶಾವಿಗೆ ಥರ ಬೀಳಬೇಕು.

ನನಗೆ ನಾಲ್ಕು ತಿಂಗಳು ಆ ಶಾವಿಗೆ ಸಿಗಲೇ ಇಲ್ಲ. ಬೆಳಿಗ್ಗೆ ಹೋದರೆ ಫ್ಲಾಸ್ಕಿನೊಳಗೆ ತಾಟಿನುಂಗಿನಂಥ ಜೆಲ್, ಕಲಕುವ ಮ್ಯಾಗ್ನೆಟ್ ಅದರಲ್ಲೇ ಹೂತುಹೋಗಿದೆ, ಯಾವ ಸಾಲ್ವೆಂಟಿಗೂ ಕರಗಲ್ಲ. ತಪ್ಪು ನನ್ನದೇ, ಹೆಮಾ ಅನ್ನುವ ಮಾನೊಮರನ್ನು (ಸರಪಳಿಯ ಕೊಂಡಿಯಾಗುವ ಸಣ್ಣ ಅಣು) ಬಾಟಲಿಯಿಂದ ಹಾಗೇ ಸುರಿದುಕೊಳ್ಳುತ್ತಿದ್ದೆ. ಅದರಲ್ಲಿ ಚೂರೇ ಚೂರು ಡೈಮೆಥಾಕ್ರಿಲೇಟ್ ಸೇರಿರುತ್ತದೆ. ಎರಡು ಕೈ ಇರುವ ಅಣು ಅದು, ಆ ಸರಪಳಿಯನ್ನೂ ಈ ಸರಪಳಿಯನ್ನೂ ಹಿಡಿದು ಗಂಟು ಹಾಕಿಬಿಡುತ್ತದೆ. ಹೆಮಾವನ್ನು ನೀರಿನಲ್ಲಿ ಕರಗಿಸಿ ಹೆಕ್ಸೇನ್‌ನಿಂದ ತೊಳೆದರೆ ಅದು ಹೋಗುತ್ತದೆ. ಸೀನಿಯರ್‌ಗಳಿಗೆಲ್ಲ ಗೊತ್ತಿತ್ತು, ಕೇಳುವುದಕ್ಕೆ ನನಗೇ ನಾಚಿಕೆ. 1965ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೊಲೆಕ್ ಅವರಿಗೂ ಹೀಗೇ ಅಂದುಕೊಳ್ಳದ್ದೇ ಸಿಕ್ಕಿತ್ತು. ತೆಳ್ಳಗಿನ, ಮಬ್ಬುಮಬ್ಬಾದ ಒಂದು ದ್ರಾವಣ ಅದು, ಇದರಿಂದ ನೂಲು ತೆಗೆಯಲು ಹೋದರೆ ಯಂತ್ರದ ತೂತು ಕಟ್ಟಿಕೊಳ್ಳುತ್ತದೆ ಅಂತ ಯಂತ್ರ ನಡೆಸುವವರು ಅಂದರೂ ಪಟ್ಟು ಹಿಡಿದು ತೆಗೆಸಿದರು, ಅದೇ ಗುಂಡು ತಡೆಯುವ ಜಾಕೆಟ್‌ಗೆ ಹಾಕುವ ಕೆವ್ಲಾರ್. ನನ್ನದು ಸುಮ್ನೆ ಕಸಕ್ಕೆ ಹೋಯಿತು ಬಿಡಿ.

ಆದರೆ ಈಗ ನನಗೆ ಸಂಬಳ ಬರುತ್ತಿರುವುದು ಆ ಗಂಟಿನಿಂದಲೇ. ಬೆಂಗಳೂರಿನಲ್ಲಿ ಗಟ್ಟಿಯಾಗಿ ಕೂತ ಲೇಬಲ್ ಮೇ ತಿಂಗಳಲ್ಲಿ ಕಲಬುರಗಿಯ ಗೋದಾಮಿನಲ್ಲಿ ಡಬ್ಬದ ಮೇಲಿಂದ ಜಾರುತ್ತದೆ, ಯಾಕೆಂದರೆ ಬಿಸಿಗೆ ಅಂಟಿನ ಸರಪಳಿಗಳು ಒಂದರ ಮೇಲೊಂದು ಸರಿಯುತ್ತವೆ. ಸರಿಯದಂತೆ ಅಲ್ಲಲ್ಲಿ ಗಂಟು ಹಾಕಬೇಕು, ಜಾಸ್ತಿ ಹಾಕಿದರೆ ಅಂಟುವುದೇ ಇಲ್ಲ. ಇದನ್ನೆಲ್ಲ ಅಳೆಯುವ ರಿಯಾಮೀಟರ್ (ಎಷ್ಟು ಸರಿಯುತ್ತದೆ ಅಂತ), ಡಿಎಸ್‌ಸಿ (ಬಿಸಿಗೆ ಹೇಗೆ ಬದಲಾಗುತ್ತದೆ ಅಂತ), ಜಿಪಿಸಿ (ಸರಪಳಿ ಎಷ್ಟು ಉದ್ದ ಅಂತ) ಯಂತ್ರಗಳನ್ನು ಆಪರೇಟರ್‌ಗೆ ಬಿಡದೆ ನೀವೇ ಕೂತು ಓಡಿಸಿ ಕಲಿಯಿರಿ, ಕಂಪನಿಗಳಲ್ಲಿ ಕೇಳುವುದು ಅದನ್ನೇ.

ಪುಣೆಯ ಎನ್‌ಸಿಎಲ್, ನಮ್ಮ ಐಐಎಸ್‌ಸಿ, ಜಕ್ಕೂರಿನ ಜೆಎನ್‌ಸಿಎಎಸ್‌ಆರ್, ಈ ಸಂಶೋಧನಾ ಸಂಸ್ಥೆಗಳೆಲ್ಲ ಒಳ್ಳೆಯವೇ. ಆದರೆ ಹೆಸರಿಗಿಂತ ಗೈಡ್ ಮುಖ್ಯ. ಸೇರುವ ಮೊದಲು ಅವರ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು ಟೀ ಕುಡಿಸಿ, ಎಷ್ಟು ವರ್ಷವಾಯಿತು ಅಂತ ಕೇಳಿ. ನಿಮ್ಮ ಎಂಎಸ್ಸಿ ಪ್ರಾಜೆಕ್ಟ್ ಯಾವುದರ ಮೇಲೆ ಅಂತ ನೀವು ಬರೆದಿಲ್ಲ. ಹೇಳಿದರೆ ಎಲ್ಲಿ ಅರ್ಜಿ ಹಾಕಬಹುದು ಅಂತ ನೋಡೋಣ.