ಕಂಪ್ಯೂಟರ್ ಇರುವಾಗ ಡ್ರಮ್ಸ್ ಕಲಿತು ಏನು ಪ್ರಯೋಜನ?

ನಿಮ್ಮ ಮಗಳು ಡ್ರಮ್ಸ್ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಈಗಿನ ಹಾಡುಗಳ ತಾಳವೆಲ್ಲ ಕಂಪ್ಯೂಟರ್‌ನಲ್ಲೇ ಆಗುವಾಗ ಕಲಿಸುವುದು ದಂಡ ಅಲ್ವಾ ಅಂತ ಕೇಳಿದ್ದೀರಿ. ನಾನು ಮೊದಲು ಮೃದಂಗ, ಆಮೇಲೆ ಡ್ರಮ್ಸ್ ಕಲಿತವನು. ಖಂಡಿತ ಕಲಿಸಿ.

ಸ್ಟುಡಿಯೋ ಕೆಲಸ ಕಡಿಮೆಯಾಗಿರುವುದು ನಿಜ. ಮೊದಲೆಲ್ಲ ಸಿನಿಮಾ ಹಾಡಿಗೆ ತಬಲಾ, ಢೋಲಕ್, ಡ್ರಮ್ಸ್ ನುಡಿಸುವವರು ಒಟ್ಟಿಗೆ ಕೂರುತ್ತಿದ್ದರು. ಈಗ ಎಷ್ಟೋ ಹಾಡುಗಳ ರಿದಂ ಲ್ಯಾಪ್‌ಟಾಪ್‌ನಲ್ಲೇ ಮುಗಿಯುತ್ತದೆ. ಆದರೆ ಅದರೊಳಗಿನ ಸದ್ದು ಎಲ್ಲಿಂದ ಬಂತು ನೋಡಿ. 1980ರಲ್ಲಿ ರೋಜರ್ ಲಿನ್ ತಂದ ಎಲ್‌ಎಂ-1 ಡ್ರಮ್ ಮಷೀನ್‌ನಲ್ಲಿ ತುಂಬಿದ್ದು ನಿಜವಾದ ಡ್ರಮ್ಸ್‌ನ ಸದ್ದು. ಅದೇ ವರ್ಷದ ಇನ್ನೊಂದು ಡ್ರಮ್ ಮಷೀನ್ ರೋಲ್ಯಾಂಡ್ ಟಿಆರ್-808 ಮಾತ್ರ ಸದ್ದನ್ನು ಸರ್ಕ್ಯೂಟ್‌ನಲ್ಲೇ ಹುಟ್ಟಿಸುತ್ತಿತ್ತು. ಹಿಪ್‌ಹಾಪ್‌ನಲ್ಲಿ ಎದೆಗೆ ಗುದ್ದುವ ಉದ್ದನೆಯ ಬೇಸ್ ಅದರದ್ದೇ ಕೊಡುಗೆ.

ಮಗಳಿಗೆ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ ಹಾಡು ಕೇಳಿಸಿ. 1970ರಲ್ಲಿ ಬಂದದ್ದು. ಡ್ರಮ್ಸ್ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರದ್ದು. ಒಂದು ಕಡೆ ಬೇರೆ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಸ್ ಒಂದೇ ಉಳಿಯುತ್ತದೆ. ಹೈ-ಹ್ಯಾಟ್, ಅಂದರೆ ಒಂದರ ಮೇಲೊಂದು ಕೂತ ಜೋಡಿ ತಟ್ಟೆ, ಒಂದೇ ಸಮ ಓಡುತ್ತಿರುತ್ತದೆ. ಕೆಳಗೆ ತಂತಿ ಕಟ್ಟಿದ ಸ್ನೇರ್ ಡ್ರಮ್ ಮೇಲೆ ಎರಡನೇ, ನಾಲ್ಕನೇ ಎಣಿಕೆಗೆ ಜೋರು ಪೆಟ್ಟು. ಕಿವಿಗೊಟ್ಟು ಕೇಳಿದರೆ ಆ ಪೆಟ್ಟುಗಳ ನಡುವೆ ಇನ್ನೂ ಪುಟ್ಟ ಪುಟ್ಟ ಪೆಟ್ಟುಗಳಿವೆ. ಕೋಲು ಮೇಲೆದ್ದೇ ಇಲ್ಲ, ಸುಮ್ನೆ ತಾಗಿದೆ ಅಷ್ಟೇ. ಇವನ್ನು ನಾವು ಘೋಸ್ಟ್ ನೋಟ್ ಅನ್ನುತ್ತೇವೆ. ಹಾಡು ಮುಂದಕ್ಕೆ ಜಗ್ಗುವುದೇ ಇವುಗಳಿಂದ. ಕೃತಿಗೆ ಸರ್ವಲಘು, ಅಂದರೆ ಒಂದೇ ಸಮ ಹರಿಯುವ ಸರಳ ನಡೆ, ನುಡಿಸುವ ಒಳ್ಳೆಯ ಮೃದಂಗದವರ ಕೈಯಲ್ಲೂ ಇದೇ ಗುಣ ಇರುತ್ತದೆ.

ಡ್ರಮ್ಸ್ ಒಂದೇ ಇರುವ ಆ ಕೆಲವೇ ಸೆಕೆಂಡುಗಳ ತುಣುಕನ್ನು ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಬಳಸಿಕೊಂಡಿದ್ದಾರೆ. ಹಾಡಿನ ಹಕ್ಕು ಬ್ರೌನ್ ಹೆಸರಿನಲ್ಲಿತ್ತು. ಹಾಗಾಗಿ 2017ರಲ್ಲಿ ತೀರಿಕೊಂಡ ಸ್ಟಬಲ್‌ಫೀಲ್ಡ್‌ಗೆ ಅದರ ರಾಯಲ್ಟಿ ಸಿಗಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಧಾಟಿ ಕಟ್ಟಿದವರಿಗೆ ಹಕ್ಕಿದೆ, ಸಾಹಿತ್ಯ ಬರೆದವರಿಗೆ ಹಕ್ಕಿದೆ. ಅಂಥ ನಡೆ ಕಟ್ಟಿದವರಿಗೆ ಯಾಕಿಲ್ಲ?

ಇನ್ನು ನಮ್ಮ ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೆ ಬನ್ನಿ. ಮೂಲೆಯಲ್ಲಿ ಒಬ್ಬರು ರಿದಂ ಪ್ಯಾಡ್ ಇಟ್ಟುಕೊಂಡು ನಿಂತಿರುತ್ತಾರೆ. ಎಂಟು ರಬ್ಬರ್ ಪ್ಯಾಡ್, ಎರಡು ಕೋಲು. ಒಂದು ಹಾಡಿಗೆ ಢೋಲಕ್, ಬಟನ್ ಒತ್ತಿದರೆ ಮುಂದಿನದಕ್ಕೆ ತಮಟೆ. ಸದ್ದು ಮಷೀನಿನದ್ದು, ಲಯ ಅವರದ್ದು. ಹಾಡುವವರು ಚರಣ ಎತ್ತುವುದು ತಡವಾದರೆ ಇನ್ನೊಂದು ಆವರ್ತ ನುಡಿಸಿ ಕಾಯುತ್ತಾರೆ. ಹುಡುಗರು ಕುಣಿಯಲು ಎದ್ದರೆ ಕಾಲ ಏರಿಸುತ್ತಾರೆ. ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಸ್ಟೇಜ್ ಮೇಲೆ ಈಗಲೂ ಮನುಷ್ಯರನ್ನೇ ಕರೆಯುವುದು ಇದಕ್ಕೇ.

ಪ್ಯಾಡ್‌ಗೂ ಪೂರ್ತಿ ದಕ್ಕದ ಸದ್ದುಗಳಿವೆ ಅನ್ನಿ. ತಬಲಾದ ಡಗ್ಗದ ಮೇಲೆ ಮಣಿಕಟ್ಟು ಒತ್ತಿ ಜಾರಿಸಿದಾಗ ಬರುವ ಗುಂಯ್. ನೀರು ಹಚ್ಚಿ ಶ್ರುತಿ ಇಳಿಸಿಕೊಂಡ ಖಂಜಿರ. ಬೆಂಕಿಗೆ ಹಿಡಿದು ಆಗಷ್ಟೇ ಬಿಗಿಯಾದ ತಮಟೆ. ಇವನ್ನು ಹತ್ತಿರದಿಂದ ಕೇಳಲು ಮಗಳನ್ನು ಕರೆದುಕೊಂಡು ಹೋಗಿ.

ಕಲಿಕೆಗೆ ಈಗಲೇ ಡ್ರಮ್ ಕಿಟ್ ಕೊಳ್ಳಬೇಡಿ. ಒಂದು ಪ್ರಾಕ್ಟೀಸ್ ಪ್ಯಾಡ್, ಒಂದು ಜೊತೆ ಕೋಲು, ಫೋನಿನಲ್ಲಿ ಒಂದೇ ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಸಾಕು. ಅಕ್ಕಪಕ್ಕದ ಮನೆಯವರಿಗೂ ಜಾಸ್ತಿ ತೊಂದರೆ ಇಲ್ಲ. ಜೊತೆಗೆ ಕೊನ್ನಕ್ಕೋಲು, ಅಂದರೆ ಲಯದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕಲೆ, ಕಲಿಯಲಿ. ತಕಿಟ, ತಕದಿಮಿ ಬಾಯಲ್ಲಿ ಹೇಳುತ್ತಾ ಕೈಯಲ್ಲಿ ತಾಳ ಹಾಕಲು ಬಂದರೆ ಐದು, ಏಳರ ಎಣಿಕೆಗೆ ಯಾವತ್ತೂ ಹೆದರುವುದಿಲ್ಲ. ವಿದೇಶದ ಜಾಝ್ ಡ್ರಮ್ಮರ್‌ಗಳೂ ಇದನ್ನು ಆಸೆಯಿಂದ ಕಲಿಯುತ್ತಾರೆ. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಮೃದಂಗದ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಅವರು ಸ್ಯಾಕ್ಸೊಫೋನಿನ ಚಾರ್ಲಿ ಮರಿಯಾನೊ ಜೊತೆ ಸೇರಿ 1983ರಲ್ಲೇ ‘ಜ್ಯೋತಿ’ ಅನ್ನುವ ಆಲ್ಬಂ ಮಾಡಿದ್ದರು. ಅದನ್ನೂ ಹುಡುಕಿ ಕೇಳಿ.

ಆರು ತಿಂಗಳಾದ ಮೇಲೂ ನೀವು ಹೇಳದೆ ಅವಳೇ ದಿನಾ ಪ್ಯಾಡ್ ಮುಂದೆ ಕೂರುತ್ತಿದ್ದರೆ ಆಗ ಕಿಟ್ ಕೊಡಿಸಿ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಕೊಳ್ಳುವ ಮುಂಚೆ ಸ್ನೇರ್‌ನ ಕೆಳಗಿನ ತಂತಿಗಳು ಮತ್ತು ಪೆಡಲ್ ಸರಿ ಇವೆಯಾ ನೋಡಿಕೊಳ್ಳಿ.