ಶೇರ್ ಮಾಡಿದ ಫೋಲ್ಡರ್ ಕಾಣುತ್ತಿಲ್ಲ, ಪಾಸ್‌ವರ್ಡೂ ತಗೊಳ್ಳುತ್ತಿಲ್ಲ ಅಂದರೆ

ಡೆಸ್ಕ್‌ಟಾಪ್‌ನಲ್ಲಿ ಫೋಲ್ಡರ್ ಶೇರ್ ಮಾಡಿದ್ದೀರಿ. ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಅದು ಒಮ್ಮೆ ಕಾಣುತ್ತದೆ, ಇನ್ನೊಮ್ಮೆ ಇಲ್ಲ. ಕಂಡಾಗ ಒಳಗೆ ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಎರಡರಲ್ಲೂ ವಿಂಡೋಸ್ 11. ಇದೇ ಅಲ್ವಾ ನಿಮ್ಮ ಪ್ರಶ್ನೆ? ಇಲ್ಲಿ ಎರಡು ತೊಂದರೆಗಳಿವೆ. ಒಂದಕ್ಕೊಂದು ಸಂಬಂಧವಿಲ್ಲ, ಬೇರೆ ಬೇರೆಯಾಗಿಯೇ ನೋಡಿ.

ಮೊದಲು ಆ ಪಟ್ಟಿಯನ್ನು ನಂಬುವುದು ಬಿಡಿ. ಡೆಸ್ಕ್‌ಟಾಪ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಎಂದು ಕೊಟ್ಟು ಐಪಿವಿ4 ವಿಳಾಸ ನೋಡಿ. 192.168.1.5 ಅಂತಿದ್ದರೆ ಲ್ಯಾಪ್‌ಟಾಪ್‌ನ ಫೈಲ್ ಎಕ್ಸ್‌ಪ್ಲೋರರ್‌ನ ಮೇಲಿನ ಪಟ್ಟಿಯಲ್ಲಿ \\192.168.1.5 ಎಂದು ಟೈಪ್ ಮಾಡಿ. ಪಾಸ್‌ವರ್ಡ್ ಕೇಳಿತು ಅಂದರೆ ನೆಟ್‌ವರ್ಕ್ ಸರಿ ಇದೆ, ಹೆಸರು ತೋರಿಸುವುದರಲ್ಲಿ ಮಾತ್ರ ಎಡವಟ್ಟು. ಡೆಸ್ಕ್‌ಟಾಪ್‌ನ ಸರ್ವೀಸಸ್‌ನಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಅನ್ನು (ಈ ಕಂಪ್ಯೂಟರ್ ಇದೆ ಅಂತ ನೆಟ್‌ವರ್ಕ್‌ಗೆ ತಿಳಿಸುವುದು ಇದೇ) ಆಟೊಮ್ಯಾಟಿಕ್‌ಗೆ ಹಾಕಿ. ಏನೂ ಕೇಳದೆ ಎರರ್ ಬಂದರೆ ಡೆಸ್ಕ್‌ಟಾಪ್‌ನ ವೈಫೈ ಪ್ರೊಫೈಲ್ ಪ್ರೈವೇಟ್ ಆಗಿದೆಯೇ ನೋಡಿ. ಲ್ಯಾಪ್‌ಟಾಪ್ ಗೆಸ್ಟ್ ವೈಫೈಯಲ್ಲಿ ಇರಬಾರದು. ಅಲ್ಲಿಂದ ಮನೆಯ ಬೇರೆ ಕಂಪ್ಯೂಟರ್‌ಗಳನ್ನು ತಲುಪಲು ಸಾಮಾನ್ಯವಾಗಿ ರೌಟರ್ ಬಿಡುವುದಿಲ್ಲ.

ಇನ್ನು ಪಾಸ್‌ವರ್ಡ್. ನಾನು ಎರಡು ಸಂಜೆ ಕಳೆದದ್ದು ಇಲ್ಲೇ. ದಿನಾ ಲಾಗಿನ್ ಆಗಲು ಹಾಕುವ ನಾಲ್ಕಂಕಿಯ ಪಿನ್ ಅನ್ನೇ ಇಲ್ಲೂ ಹಾಕುತ್ತಿದ್ದೆ. ಆ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ. ನೆಟ್‌ವರ್ಕ್ ಮೂಲಕ ಬಂದರೆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಈಗ ನಾನು ಮಾಡುವುದು ಹೀಗೆ: ಡೆಸ್ಕ್‌ಟಾಪ್‌ನಲ್ಲಿ ಶೇರಿಂಗ್‌ಗೆಂದೇ ಒಂದು ಲೋಕಲ್ ಖಾತೆ ತೆರೆದು ಪಾಸ್‌ವರ್ಡ್ ಇಡುತ್ತೇನೆ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್, ಸೆಕ್ಯೂರಿಟಿ ಎರಡೂ ಕಡೆ ಆ ಖಾತೆಗೆ ಅನುಮತಿ ಕೊಡುತ್ತೇನೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ, ಹಾಗಾಗಿ ಒಂದು ಕಡೆ ಕೊಟ್ಟರೆ ಸಾಲದು.

ಆಮೇಲೆ ಲ್ಯಾಪ್‌ಟಾಪ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಆ ಡೆಸ್ಕ್‌ಟಾಪ್‌ನ ಹೆಸರಲ್ಲೋ ಐಪಿಯಲ್ಲೋ ಉಳಿದಿರುವ ಹಳೆಯ ಪಾಸ್‌ವರ್ಡ್ ಅಳಿಸಿ, ರೀಸ್ಟಾರ್ಟ್ ಮಾಡಿ. ಇಲ್ಲದಿದ್ದರೆ ಅದು ಹಳೆಯದನ್ನೇ ಕಳಿಸುತ್ತಿರುತ್ತದೆ. ಹೊಸದಾಗಿ ಕೇಳಿದಾಗ ಯೂಸರ್‌ನೇಮ್ ಜಾಗದಲ್ಲಿ ಡೆಸ್ಕ್‌ಟಾಪ್‌ನ ಹೆಸರು, ಒಂದು \ ಗುರುತು, ನಂತರ ಖಾತೆಯ ಹೆಸರು ಕೊಡಿ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ. ಎಸ್‌ಎಂಬಿ 1, ಅಂದರೆ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ, ಆನ್ ಮಾಡಿ ಅಂತ ಜಾಸ್ತಿ ಜನ ಹೇಳುತ್ತಾರೆ. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದರಲ್ಲಿದ್ದ ತೂತಿನಿಂದಲೇ. ನಿಮ್ಮ ಎರಡು ವಿಂಡೋಸ್ 11ಕ್ಕೆ ಅದರ ಅಗತ್ಯವೇ ಇಲ್ಲ.

ಇಷ್ಟಾದರೂ ತೆರೆಯದಿದ್ದರೆ ಎರರ್ ನಂಬರ್ ಬರೆದು ತಿಳಿಸಿ. 80070035 ಎಂದು ಮುಗಿದರೆ ಡೆಸ್ಕ್‌ಟಾಪ್ ತಲುಪಿಯೇ ಇಲ್ಲ ಎಂದರ್ಥ, ಆಗ ಮೊದಲು ಫೈರ್‌ವಾಲ್‌ನಲ್ಲಿ ಫೈಲ್ ಶೇರಿಂಗ್ ಬಳಸುವ 445ನೇ ಪೋರ್ಟ್ ತೆರೆದಿದೆಯೇ ನೋಡೋಣ.