ಡಾನ್ಜಿಗ್: ಕಡಿಮೆ ಬಿದ್ದ ಐದು ಸೀಟು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ‘ನಾಜಿಗಳು ಡಾನ್ಜಿಗ್ ನಗರವನ್ನು ಕಬಳಿಸಿದರು’ ಎಂದು ಬರೆದದ್ದಕ್ಕೆ ನೀವು ಆಕ್ಷೇಪ ಎತ್ತಿದ್ದೀರಿ. ಅಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಜರ್ಮನ್ನರು, ತಾವಾಗಿಯೇ ಓಟು ಹಾಕಿದರು, ಇದರಲ್ಲಿ ಕಬಳಿಕೆ ಎಲ್ಲಿಂದ ಬಂತು ಎಂದು ಕೇಳಿದ್ದೀರಿ.

ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಮೊದಲ ಮಹಾಯುದ್ಧದ ಬಳಿಕ, 1920ರಲ್ಲಿ, ಈ ಬಾಲ್ಟಿಕ್ ಬಂದರನ್ನು (ಇಂದಿನ ಪೋಲೆಂಡಿನ ಗ್ದಾನ್ಸ್ಕ್) ಜರ್ಮನಿಯಿಂದ ಬೇರ್ಪಡಿಸಿ ‘ಸ್ವತಂತ್ರ ನಗರ’ ಮಾಡಿದರು. ಕಾವಲಿಗೆ ಲೀಗ್ ಆಫ್ ನೇಷನ್ಸ್ ಎಂಬ ಅಂದಿನ ರಾಷ್ಟ್ರಗಳ ಒಕ್ಕೂಟ. ಬಂದರು, ಸುಂಕ, ವಿದೇಶ ವ್ಯವಹಾರಗಳಲ್ಲಿ ಪೋಲೆಂಡಿಗೆ ಹಕ್ಕು. ಬಹುಪಾಲು ಜನರಿಗೆ ಈ ಏರ್ಪಾಡು ರುಚಿಸಲಿಲ್ಲ. 1933ರ ಮೇ ತಿಂಗಳ ಚುನಾವಣೆಯಲ್ಲಿ ನಾಜಿಗಳಿಗೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಓಟು, ನಗರದ ಶಾಸನಸಭೆಯ 72ರಲ್ಲಿ 38 ಸೀಟು. ಅದನ್ನು ನಾವು ಬರೆಯದೆ ಬಿಟ್ಟದ್ದು ತಪ್ಪು.

ಆದರೆ ಸಂವಿಧಾನ ತಿದ್ದಲು ಮೂರನೇ ಎರಡು ಪಾಲು, ಅಂದರೆ 48 ಸೀಟು ಬೇಕಿತ್ತು. ಅದಕ್ಕೆಂದೇ 1935ರ ಏಪ್ರಿಲ್ 7ರಂದು ಮತ್ತೆ ಚುನಾವಣೆ ನಡೆಸಿದರು. ಪೊಲೀಸರು ಅವರ ಕೈಯಲ್ಲಿ, ರೇಡಿಯೋ ಅವರ ಕೈಯಲ್ಲಿ. ಎದುರಾಳಿಗಳ ಪತ್ರಿಕೆ ಜಪ್ತಿ, ಸಭೆಗಳಲ್ಲಿ ಹೊಡೆತ. ಹಿಟ್ಲರನ ಮಂತ್ರಿಗಳಾದ ಗೋರಿಂಗ್, ಗೋಬೆಲ್ಸ್ ಜರ್ಮನಿಯಿಂದಲೇ ಬಂದು ಭಾಷಣ ಬಿಗಿದರು. ಇಷ್ಟಾಗಿಯೂ ಸಿಕ್ಕಿದ್ದು 43. ಅದೇ ಜರ್ಮನ್ ಮಾತಾಡುವ ಜನ, ಮನೆ ಬಾಗಿಲಲ್ಲಿ ಗೂಂಡಾಗಳು ನಿಂತಿದ್ದ ಕಾಲದಲ್ಲಿ, ಐದು ಸೀಟು ಕೊಡಲಿಲ್ಲ! ನನಗೆ ಈ ಊರಿನ ಮೇಲೆ ಗೌರವ ಹುಟ್ಟುವುದು ಇಲ್ಲಿ. ಅಕ್ರಮ ನಡೆದದ್ದನ್ನು ಅಲ್ಲಿನ ನ್ಯಾಯಾಲಯವೇ ಒಪ್ಪಿತು, ಚುನಾವಣೆಯನ್ನು ಮಾತ್ರ ರದ್ದು ಮಾಡಲಿಲ್ಲ.

ಲೀಗಿನ ಪ್ರತಿನಿಧಿಯಾಗಿ ಅಲ್ಲಿದ್ದ ಐರ್ಲೆಂಡಿನ ಶಾನ್ ಲೆಸ್ಟರ್ ಎಚ್ಚರಿಸುತ್ತಲೇ ಇದ್ದರು. 1936ರ ಜುಲೈನಲ್ಲಿ ಡಾನ್ಜಿಗ್ ಸರ್ಕಾರದ ಮುಖ್ಯಸ್ಥ ಗ್ರೈಸರ್ ಜಿನೀವಾದ ಲೀಗ್ ಸಭೆಗೆ ಹೋಗಿ ಲೆಸ್ಟರರ ಮೇಲೆ ಹರಿಹಾಯ್ದ. ಹೊರಡುವಾಗ ಪತ್ರಕರ್ತರು ನಕ್ಕರು. ಅವನು ಅವರತ್ತ ತಿರುಗಿ ಮೂಗಿಗೆ ಹೆಬ್ಬೆರಳಿಟ್ಟು ಅಣಕಿಸಿದ. ಇಡೀ ಜಗತ್ತಿನ ಪ್ರತಿನಿಧಿಗಳು ಕೂತಿದ್ದ ಸಭೆಯದು, ಅವನಿಗೇನೂ ಆಗಲಿಲ್ಲ. ಮರುವರ್ಷ ಹುದ್ದೆ ಬಿಟ್ಟು ಹೊರಟವರು ಲೆಸ್ಟರ್.

ಉಳಿದದ್ದು ಬೇಗ ಮುಗಿಯಿತು. 1936ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ನಿಷೇಧ, 1937ರಲ್ಲಿ ಕ್ಯಾಥೊಲಿಕರ ಸೆಂಟರ್ ಪಕ್ಷಕ್ಕೆ. ಮತಪೆಟ್ಟಿಗೆಯಲ್ಲಿ ಸಿಗದ ಸೀಟುಗಳನ್ನು ಹೀಗೆ ಕಿತ್ತುಕೊಂಡರು. 1939ರ ಸೆಪ್ಟೆಂಬರ್ 1ರ ನಸುಕಿನಲ್ಲಿ ಜರ್ಮನ್ ಯುದ್ಧನೌಕೆ ಬಂದರಿನ ಬಾಯಲ್ಲಿದ್ದ ವೆಸ್ಟರ್‌ಪ್ಲಾಟೆಯ ಪೋಲಿಷ್ ಪಡೆಯ ಮೇಲೆ ಗುಂಡು ಹಾರಿಸಿದಾಗ, ಊರೊಳಗೆ ಬೇಡವೆನ್ನಲು ಜರ್ಮನ್ನರ ಒಂದು ವಿರೋಧ ಪಕ್ಷವೂ ಉಳಿದಿರಲಿಲ್ಲ.

‘ಕಬಳಿಸಿದರು’ ಎಂಬ ಪದವನ್ನು ನಾವು ಹಿಂತೆಗೆದುಕೊಳ್ಳುತ್ತಿಲ್ಲ.

— ಸಂಪಾದಕ